ಸುಂಕದ ಮೊಳ

ಕೊಟ್ಟೂರು
೨೧ ನವೆಂಬರ್ ೨೦೨೫, ಶುಕ್ರವಾರ

ಬೆನಕಪ್ಪನವರಿಗೆ,

ಹೆಸರು ಹಿಡಿದು ಕರೆದೆನೆಂದು ಸಿಟ್ಟಾಗಬೇಡಿ. ಫೋನು ನೀವು ಎತ್ತುತ್ತಿಲ್ಲ. ‘ಏನ್ರೀ’ ಎಂದು ಕಾಗದದ ಮೇಲೆ ಕೂಗಲು ನನಗೆ ಬರುವುದಿಲ್ಲ. ಅಂಗೈ ಗಾಯ ಹೇಗಿದೆ? ನೀರು ತಾಗಿಸಬೇಡಿ.

ಹೂವಿನ ನಾಗಕ್ಕನನ್ನು ಬಳ್ಳಾರಿ ಜೈಲಿಗೆ ಕಳಿಸಿದರೆಂದು ಇಲ್ಲಿ ತವರಿನಲ್ಲಿ ಕೂತು ಕೇಳಿದೆ. ಸೋಮವಾರ ಜಾಮೀನಿನ ಅರ್ಜಿ. ನಿಮ್ಮ ಸಂತೆ ಸುಂಕದ ದುಡ್ಡಿನ ಚೀಲ ಕಿತ್ತು ಕೆರೆಗೆ ಎಸೆದವಳು ಅವಳಲ್ಲ ಎಂದು ನೀವು ಒಂದು ಮಾತು ಹೇಳಿದರೆ ಸಾಕು. ಅಷ್ಟು ಕೇಳುವುದಕ್ಕೇ ಈ ಪತ್ರ.

ಎಲ್ಲಕ್ಕೂ ಶಾಲೆಯಲ್ಲಿ ನಾನು ಹೇಳಿದ ಪಾಠ ಕಾರಣವೆಂದು ನೀವು ಹೇಳಿಕೊಂಡು ತಿರುಗುತ್ತಿದ್ದೀರಂತೆ. ಪಾಠ ನನ್ನದಲ್ಲ, ಪುಸ್ತಕದ್ದು. ಇಂಗ್ಲೆಂಡ್ ಅಮೆರಿಕದ ವಸಾಹತುಗಳಿಗೆ ಹೇಳಿತ್ತು: ಬೆಳೆದದ್ದನ್ನು ನಮ್ಮ ಹಡಗಿನಲ್ಲೇ ಸಾಗಿಸಿ, ನಮಗೇ ಮಾರಿ, ನಾವು ಹಾಕಿದ ಸುಂಕ ಕೊಡಿ. ಕೊನೆಗೆ ಅವರು, ಅಗ್ಗದ್ದೇ ಆದರೂ, ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ನಾಗಕ್ಕನ ಮಗಳು ಗೀತಾಂಜಲಿ ಎದ್ದು ನಿಂತಳು. “ಚಾ ಅಗ್ಗ ಆಗಿತ್ತು ಅಂತೀರಿ, ಮತ್ತ್ಯಾಕ ಚೆಲ್ಲಿದ್ರು ಮೇಡಂರಿ?” ಅವರನ್ನು ಒಂದು ಮಾತೂ ಕೇಳದೆ ಸುಂಕ ಹಾಕಿದ್ದರಲ್ಲ, ಅದಕ್ಕೆ ಎಂದೆ. ಹುಡುಗಿ ಕೂರಲಿಲ್ಲ. “ನಿಮ್ಮ ತಲ್ಯಾಗಿನ ಹೂವು ನಮ್ಮವ್ವ ಕಟ್ಟಿದ್ದು. ನಡುನಡುವ ಮರುಗ ಇಡಾಕಿ ಆಕಿ ಒಬ್ಬಾಕೀನ.”

ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಕಪ್ಪುಹಲಗೆಯ ಕಡೆ ತಿರುಗಲಾಗಲಿಲ್ಲ; ತಿರುಗಿದರೆ ಹೂವು ಅವರಿಗೆ ಕಾಣುತ್ತಿತ್ತು.

ಸಂತೆಯ ಸುಂಕವನ್ನು ನೀವು ಹರಾಜಿನಲ್ಲಿ ಹಿಡಿದ ವರ್ಷದಿಂದ ಪ್ರತಿ ಭಾನುವಾರ ಮನೆಗೆ ಹೂವು ಬರುತ್ತಿತ್ತು. ರಸೀದಿಯ ದುಡ್ಡಿನ ಮೇಲೆ ಒಬ್ಬೊಬ್ಬ ಹೂವಿನವಳಿಂದ ಒಂದು ಮೊಳ, ನಿಮ್ಮ ಕೈ ಅಳತೆಯಲ್ಲಿ. ನಾಗಕ್ಕ ಒಮ್ಮೆ ನನ್ನೆದುರೇ ಅಂದಿದ್ದಳು: “ಅಲ್ರೀ ಸಾವ್ಕಾರ್ರ, ಈ ಕೈ ಕೊಡಾಕ ಬಂದ್ರ ಮೊಣಕೈತನಕ, ಸುಂಕಕ್ಕ ಬಂದ್ರ ಹೆಗಲತನಕ ಐತಲ್ರಿ!” ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಮಾರನೆಯ ವಾರವೇ ಬಸ್‌ಸ್ಟ್ಯಾಂಡಿನಲ್ಲಿ, ಮನೆಬಾಗಿಲಲ್ಲಿ ಯಾರೂ ಹೂವು ಮಾರಕೂಡದು, ಎಲ್ಲ ಸಂತೆಯೊಳಗೇ ಎಂದು ಕಟ್ಟು ಹಾಕಿದಿರಿ.

ನಾನು ಒಂದು ಸಲವೂ ಹೂವು ಬೇಡವೆನ್ನಲಿಲ್ಲ. ಬೇಕೇ ಎಂದು ನೀವೂ ಕೇಳಲಿಲ್ಲ.

ಕಳೆದ ಭಾನುವಾರ ನಾನು ತರಕಾರಿಗೆಂದು ಸಂತೆಗೆ ಬಂದಿದ್ದೆ. ಹೂವಿನವರು ಸುಂಕ ಕೊಡೆವೆಂದು ಕೂತಿದ್ದರು. ನೀವು ನಾಗಕ್ಕನ ಬುಟ್ಟಿಯನ್ನು ಕಾಲಿನಿಂದ ಸರಿಸಿದಿರಿ. ಅವಳು ಕೂಗಾಡಲಿಲ್ಲ. ಬುಟ್ಟಿ ಎತ್ತಿಕೊಂಡು ಪಕ್ಕದ ಕೆರೆಗೆ ಹೋಗಿ ಅಷ್ಟೂ ಮಲ್ಲಿಗೆಯನ್ನು ನೀರಿಗೆ ಸುರಿದಳು. “ಈಗ ಅಳೀರಿ, ಎಷ್ಟ್ ಮೊಳ ಆಕ್ಕೈತಿ ನೋಡ್ರಿ.” ಉಳಿದವರೂ ಸುರಿದರು. ನೀವು ಏರಿಗೆ ಓಡಿಬಂದಿರಿ. ಆಮೇಲಿನದು ನೂಕಾಟ, ಅದರಲ್ಲಿ ಚೀಲ ಯಾರ ಕೈಯಿಂದ ಹೋಯಿತೆಂದು ಯಾರು ಹೇಳಬಲ್ಲರು?

ಗೀತಾಂಜಲಿ ಶಾಲೆಗೆ ಬರುತ್ತಿಲ್ಲವಂತೆ. ನಾನೂ ರಜೆ ಹಾಕಿದ್ದೇನೆ. ಹುಡುಗಿ ಮನೆಯಲ್ಲಿ ಅವ್ವನ ಜಾಗದಲ್ಲಿ ಕೂತು ಹೂವು ಕಟ್ಟುತ್ತಿದ್ದಾಳೆ ಎಂದು ನಮ್ಮಣ್ಣ ನೋಡಿಬಂದು ಹೇಳಿದ. ನಿಮ್ಮ ಕಾಲು ಹಿಡಿಯಬೇಕೆಂದರೆ ಹಿಡಿಯುತ್ತೇನೆ, ಮನೆಗೆ ಮರಳಬೇಕೆಂದರೆ ಮರಳುತ್ತೇನೆ, ಇನ್ನು ಪಾಠ ಹೇಳಬೇಡವೆಂದರೆ ಅದಕ್ಕೂ ಸೈ. ಸೋಮವಾರದೊಳಗೆ ಆ ಒಂದು ಮಾತು ಹೇಳಿ.

ಇನ್ನೂ ನಿಮ್ಮ ಮನೆಯವಳೇ ಆದ,
ಸುಕನ್ಯಾ

ಮರೆತ ಮಾತು: ನಿಮ್ಮ ಅಂಗೈ ಕೊಯ್ದದ್ದು ನಾಗಕ್ಕನ ಗಾಜಿನ ಬಳೆ ಎಂದು ದೂರಿನಲ್ಲಿ ಬರೆಸಿದ್ದೀರಿ. ಹೂವು ಕಟ್ಟುವ ನಾರು ಸಿಕ್ಕಿಕೊಳ್ಳುತ್ತದೆಂದು ನಾಗಕ್ಕ ಬಳೆಯನ್ನೇ ತೊಡುವುದಿಲ್ಲ. ಇದು ಸಂತೆಗೆಲ್ಲ ಗೊತ್ತು. ಚೀಲ ಎಸೆದ ಕೈಯನ್ನು ನೀವು ಗಟ್ಟಿಯಾಗಿ ಹಿಡಿದಿರಿ, ಯಾರದೆಂದು ನೋಡಿದಿರಿ, ಬಿಟ್ಟಿರಿ. ಒಡೆದ ಬಳೆ ಎರಡೇ. ಉಳಿದವು ನನ್ನ ಕೈಯಲ್ಲೇ ಇವೆ. ನೀವು ಹೇಳದಿದ್ದರೆ ಸೋಮವಾರ ಅವನ್ನು ತೊಟ್ಟುಕೊಂಡೇ ಕೋರ್ಟಿಗೆ ಬರುತ್ತೇನೆ.