ಒಂದನೇ ಪ್ರಶ್ನೆಗೆ ಅಪ್ಪನ ಉತ್ತರ

ಫೆಬ್ರವರಿ 12, ಸೋಮವಾರ. ಬೆಳಿಗ್ಗೆ 7.10

ಒಲೆ ಮತ್ತೆ ಹೊತ್ತಲಿಲ್ಲ. ಉರಿಸುವ ಪೀಟ್ ಮಣ್ಣಿನ ಹೆಂಟೆಗಳು ಒಳಗಿಂದ ಒದ್ದೆ. ಮೂರನೇ ಕಡ್ಡಿಗೆ ಬರೀ ಹೊಗೆ. ಅಪ್ಪ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತು ಓಟ್ಸ್ ಗಂಜಿಗೆ ಕಾಯುತ್ತಿದ್ದ.

ಬಟ್ಟಲಿನ ಪಕ್ಕದಲ್ಲಿ ನನ್ನ ಸಂಶೋಧನೆಯ ಪ್ರಶ್ನೆಗಳ ಫಾರಂ. ಮೂರು ವಾರದಿಂದ ಅಲ್ಲೇ. ಈಗ ಅದರ ಮೇಲೆ ಚಹಾದ ಎರಡು ಉಂಗುರ. ಹನ್ನೊಂದು ಪ್ರಶ್ನೆಗಳಲ್ಲಿ ಹತ್ತಕ್ಕೆ ಉತ್ತರ ಬರೆದಿದ್ದಾನೆ — ಊರಿನ ಆಟದ ಸಂಘದ ಹಳೆಯ ಕಾರ್ಯದರ್ಶಿಯ ಅಕ್ಷರ, ಗೆರೆ ಎಳೆದಷ್ಟು ನೇರ. ಒಂದನೆಯದು ಖಾಲಿ. ಅದೊಂದು ಚಿತ್ರ: ದುಂಡು ಚೆಂಡು, ಗೋಲು, ಹನ್ನೊಂದು ಆಟಗಾರರು. 'ನಿಮ್ಮ ಮನೆಯಲ್ಲಿ ಈ ಆಟಕ್ಕೆ ಏನನ್ನುತ್ತೀರಿ?'

"ಒಂದು ಪದ ಅಪ್ಪಾ. ಒಂದೇ."

"ಗೊತ್ತಿಲ್ಲ."

"ಟೀವಿಯಲ್ಲಿ ಬಂದಾಗ ಏನಂತೀಯ?"

"ಏನೂ ಅನ್ನಲ್ಲ. ಚಾನೆಲ್ ತಿರುಗಿಸ್ತೀನಿ."

ಈ ಪ್ಯಾರಿಷ್‌ನ — ನಮ್ಮ ಚರ್ಚಿಗೆ ಸೇರಿದ ಊರಿನ — ನಲವತ್ತೊಂದು ಮನೆಗಳಲ್ಲಿ ನಲವತ್ತರಿಂದ ಉತ್ತರ ಬಂದಿದೆ. ಬಾರದೆ ಇರುವುದು ನನ್ನ ಮನೆಯಿಂದ. ಮಾರ್ಚ್ 8ಕ್ಕೆ ಅಧ್ಯಾಯ ಕೊಡಬೇಕು. ನನ್ನ ಗೈಡ್ ಫಿಯಾಕ್ರಾ — ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು — ಬರೆದಿದ್ದಾನೆ: 'ಒಂದು ಫಾರಂ ಬಿಟ್ಟುಬಿಡಿ ಡರ್ವ್ಲಾ, ಜಗತ್ತು ಮುಳುಗುವುದಿಲ್ಲ.' ಅವನಿಗೆ ಹೇಳುವುದು ಸುಲಭ.


ಫೆ. 14, ಬುಧ. ಮಧ್ಯಾಹ್ನ

ಬೂದಿ ಬುಧವಾರ; ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಆ ಆಟದ ಹೆಸರುಗಳ ಪಟ್ಟಿ ಮುಂದುವರಿಸಿದೆ. ಐವತ್ತೆರಡು ಭಾಷೆ ಆಯಿತು. ಹೆಚ್ಚಿನವರು ಇಂಗ್ಲಿಷ್ ಪದವನ್ನೇ ತಮ್ಮ ನಾಲಿಗೆಗೆ ಬಗ್ಗಿಸಿಕೊಂಡಿದ್ದಾರೆ — ಫುಟ್ಬೋಲ್, ಫುಚಿಬೋಲ್. ಕೆಲವರು ಕಾಲನ್ನೂ ಚೆಂಡನ್ನೂ ಮನೆಯ ಮಾತಿಗೆ ತಿರುಗಿಸಿ ಹೊಲಿದಿದ್ದಾರೆ. ಫಿನ್‌ಲ್ಯಾಂಡಿನಲ್ಲಿ ಯಲ್ಕಪಲ್ಲೊ, ವೇಲ್ಸ್‌ನಲ್ಲಿ ಪೇಲ್-ದ್ರೋಯ್ಡ್, ಸಿಂಹಳದಲ್ಲಿ ಪಾಪಂದು. ಇಟಲಿಯವರು ಯಾರ ಹಂಗೂ ಬೇಡವೆಂದು 'ಕಾಲ್ಚೊ' ಅಂದರು: ಒದೆ. ಅಷ್ಟೇ. ನನಗೆ ಅದೇ ಇಷ್ಟ. ಒಳ್ಳೆಯ ಕವಿತೆಯ ಸಾಲಿನ ಹಾಗೆ, ಅಲಂಕಾರವಿಲ್ಲ.

ಈಚೆಗೆ ತೀರಿಕೊಂಡ, ಅಪ್ಪನ ಒಡಹುಟ್ಟಿದ ಅತ್ತೆಯನ್ನು ಕೊನೆಯ ತಿಂಗಳು ನೋಡಿಕೊಂಡ ನರ್ಸ್ ಹಿಲ್ಡಾ ಮಂಗಳೂರಿನ ಕಡೆಯವಳು. ಅವಳೂ ಬರೆದುಕೊಟ್ಟಿದ್ದಾಳೆ. "ಪೇಪರಲ್ಲಿ ಕಾಲ್ಚೆಂಡು. ಮೈದಾನದಲ್ಲಿ ಹಾಗೆ ಕರೆದ್ರೆ ಯಾರೂ ಚೆಂಡು ಕೊಡಲ್ಲ." ಅತ್ತೆ ಹಾಸಿಗೆಯಲ್ಲೇ ನಕ್ಕಿದ್ದಳು. ಆಮೇಲೆ ಅಷ್ಟು ನಕ್ಕಿದ್ದು ನಾನು ಕಾಣೆ.

ನಮ್ಮಲ್ಲಿ ಗೋಜಲು ಬೇರೆ. 'ಫುಟ್‌ಬಾಲ್' ಅಂದರೆ ಹಳ್ಳಿಯಲ್ಲಿ ನಮ್ಮ ಆಟ — ಹದಿನೈದು ಜನ, ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಜಗತ್ತೆಲ್ಲ ಆಡುವುದು 'ಸಾಕರ್'. ಡಬ್ಲಿನ್ ಬೀದಿಗಳಲ್ಲಿ ಇದೇ ತಿರುಗುಮುರುಗು. ಬರಿಯ ಹೆಸರು ಯಾವ ಆಟಕ್ಕೆ ಸಲ್ಲುತ್ತದೋ ಆ ಆಟ ಮನೆಮಗ, ಇನ್ನೊಂದು ನೆಂಟ. ಇದು ನನ್ನ ಅಧ್ಯಾಯದ ಮುಖ್ಯ ವಾದ. ಚೆನ್ನಾಗಿದೆ. ಅಪ್ಪ ಮಾತ್ರ ಆ ನೆಂಟನನ್ನು ಹೆಸರು ಹಿಡಿದು ಕರೆಯಲೂ ತಯಾರಿಲ್ಲ.


ಫೆ. 19, ಸೋಮ. ಸಂಜೆ 5

ಕಡಲಾಚೆಯ ಕವೆಂಟ್ರಿಯಿಂದ ಫೋನ್. ಯೂಜೀನ್ ಚಿಕ್ಕಪ್ಪ.

ಅತ್ತೆ ಅಟ್ರಾಕ್ಟಾ ತೀರಿಕೊಂಡಾಗ ಆಸ್ಪತ್ರೆಯಲ್ಲಿದ್ದರಂತೆ, ಸೊಂಟದ ಆಪರೇಷನ್. ಈಗ ಚರ್ಚಿನಲ್ಲಿ ಅವಳ ತಿಂಗಳ ಪೂಜೆಗೆ ಬರುತ್ತಾರಂತೆ. ಮಾರ್ಚ್ 1ರ ಶುಕ್ರವಾರ ಬಂದು ಸೋಮವಾರ ವಾಪಸ್. "ನಿನ್ನಪ್ಪನಿಗೆ ಹೇಳು. ಬೇಡ ಅಂದ್ರೆ ಹೋಟೆಲಲ್ಲಿ ಇರ್ತೀನಿ."

ಐವತ್ತೆಂಟು ವರ್ಷದಿಂದ ಅಣ್ಣತಮ್ಮಂದಿರ ಮಾತೆಲ್ಲ ಅತ್ತೆಯ ಮೂಲಕವೇ. ಅಂಚೆ ಕಚೇರಿಯ ಹಾಗೆ ಇದ್ದಳು ಮಧ್ಯದಲ್ಲಿ. ಈಗ ಅಂಚೆ ಕಚೇರಿ ಮುಚ್ಚಿದೆ. ಉಳಿದವರು ಇಬ್ಬರೇ — ಎಂಬತ್ತಮೂರು, ಎಪ್ಪತ್ತೊಂಬತ್ತು. ಇನ್ನೊಂದು ಅವಕಾಶ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ.

ಅಪ್ಪನಿಗೆ ಹೇಳಿದೆ. ಚಾಕುವಿನಿಂದ ಬೆಣ್ಣೆ ಕೆರೆಯುತ್ತಿದ್ದ. ಕೆರೆಯುತ್ತಲೇ ಇದ್ದ.

"ಹಿಂದಿನ ಕೋಣೆ ಒದ್ದೆ. ಹೀಟರ್ ಹಾಕಬೇಕು."

ಇದು ಒಪ್ಪಿಗೆಯೋ ದೂರೋ?

ಕಥೆ ನನಗೆ ಗೊತ್ತಿರುವುದು ಇಷ್ಟು. 1966. ಆಗ ನಮ್ಮ ಸಂಘದವರು ವಿದೇಶಿ ಆಟ ಆಡುವಂತಿರಲಿಲ್ಲ. ಆಡುವುದಿರಲಿ, ನಿಂತು ನೋಡುವಂತೆಯೂ ಇರಲಿಲ್ಲ. ಸಂಘದ ಕಾವಲು ಸಮಿತಿಯವರು ಭಾನುವಾರ ಬೇಲಿ ಬೇಲಿ ಸುತ್ತಿ ಹಿಡಿಯುತ್ತಿದ್ದರು. ಚಿಕ್ಕಪ್ಪ ಸ್ಲೈಗೋದಲ್ಲಿ ಸುಳ್ಳು ಹೆಸರಿನಲ್ಲಿ ಸಾಕರ್ ಆಡಿ ಸಿಕ್ಕಿಬಿದ್ದರು. ನಮ್ಮ ಆಟದ ಜಿಲ್ಲಾ ಮಟ್ಟದ ಕೌಂಟಿ ಫೈನಲ್‌ಗೆ ಎರಡು ವಾರ ಇತ್ತು. ಆರು ತಿಂಗಳು ಹೊರಗೆ ಹಾಕಿದರು. ಚಿಕ್ಕಪ್ಪ ಹಡಗು ಹತ್ತಿದರು. ಯಾರೋ ಸುಳಿವು ಕೊಟ್ಟಿದ್ದರು. ಅಪ್ಪನೇ ಅಂತ ಊರು ಪಿಸುಗುಟ್ಟಿತು. ಅಪ್ಪ ಆಗ ಕಾರ್ಯದರ್ಶಿ, ಗೋಲಿ — ಗೋಲು ಕಾಯುವವ — ಕೂಡ.

ಹೌದು ಅಂತಲೂ ಹೇಳಿಲ್ಲ, ಅಲ್ಲ ಅಂತಲೂ ಇಲ್ಲ.


ಫೆ. 23, ಶುಕ್ರ. ಬೆಳಿಗ್ಗೆ 11

ಸಂಘದ ಹಳೆಯ ನಡಾವಳಿ ಪುಸ್ತಕ ಎರವಲು ಸಿಕ್ಕಿದೆ, ಹತ್ತು ದಿನಕ್ಕೆ. ಆ ಕಾಲದಲ್ಲಿ ಇನ್ನೊಂದು ಆಟವನ್ನು ಏನೆಂದು ಬರೆಯುತ್ತಿದ್ದರು ಅಂತ ನೋಡಲು. ಎಲ್ಲೂ ಹೆಸರಿಲ್ಲ. 'ವಿದೇಶಿ ಆಟ', 'ನಿಷಿದ್ಧ ಆಟ', 'ಸದರಿ ಆಟ'. ನನ್ನ ಅಧ್ಯಾಯಕ್ಕೆ ಹಬ್ಬ.

ಸೆಪ್ಟೆಂಬರ್ 1966ರ ಪುಟ ತೆರೆಯಬಾರದು ಅಂದುಕೊಂಡೇ ತೆರೆದೆ. ಅಪ್ಪನ ಅಕ್ಷರ:

'ಸದರಿ ಆಟಗಾರನು ಟೋಪಿ ಧರಿಸಿ ಸ್ಮಿತ್ ಎಂಬ ಹೆಸರಿನಲ್ಲಿ ಆಡುತ್ತಿದ್ದನು. ಎರಡನೇ ಗೋಲಿನ ಸಮಯದಲ್ಲಿ ಬೇಲಿಯ ಬಳಿಯಿಂದ ಯಾರೋ ಒಬ್ಬರು ಅವನ ನಿಜವಾದ ಹೆಸರನ್ನು ಕೂಗಿದ್ದರಿಂದ ಗುರುತು ಸಿಕ್ಕಿತು.'

ಯಾರೋ ಒಬ್ಬರು.

ಈ ಪುಸ್ತಕದಲ್ಲಿ ಅಪ್ಪ ಹಸುವಿಗೂ ಹೆಸರು ಬರೆದಿದ್ದಾನೆ — ಮೈದಾನಕ್ಕೆ ನುಗ್ಗಿದ್ದು ಮುಲ್ವೀ ಮನೆಯ ಹಸು, ಕೆಂಪು, ಒಂದು ಕೊಂಬು. ಆಟ ನಿಂತದ್ದು ಹನ್ನೊಂದು ನಿಮಿಷ. ಆ ಕೈಗೆ 'ಯಾರೋ ಒಬ್ಬರು' ಎಂಬ ಮಾತೇ ಬಾರದು.


ಅದೇ ದಿನ, 4.30

ಅಂಗಡಿಯಲ್ಲಿ ಜೋಸಿ ಮುಲ್ವೀ ಸಿಕ್ಕಿದ. ಎಂಬತ್ತಾರು, ಕಾವಲು ಸಮಿತಿಯಲ್ಲಿ ಉಳಿದಿರುವವನು ಅವನೊಬ್ಬನೇ. ಬ್ರೆಡ್ ಹಿಸುಕಿ ನೋಡುತ್ತಿದ್ದ. ಕೇಳಿಯೇಬಿಟ್ಟೆ.

"ಯಾರು ಕೂಗಿದ್ದು ಅಂತಾನಾ?" ಹಲ್ಲಿಲ್ಲದ ನಗು. "ಅಲ್ಲಮ್ಮಾ, ಈ ಪ್ಯಾರಿಷ್‌ನಲ್ಲಿ ಕೂಗಿದ್ರೆ ಮೂರು ಮನೆ ಹಸು ತಲೆ ಎತ್ತೋ ಗಂಟಲು ಯಾರದಿತ್ತು?"

"ನಿಮಗೆ ಗೊತ್ತಿತ್ತಾ?"

"ನನಗೆ ಬೆನ್ನು ಕಾಣ್ತಿತ್ತು. ಕೋಟು ಕಾಣ್ತಿತ್ತು. ಆದ್ರೆ ಫೈನಲ್‌ಗೆ ಗೋಲಿ ಬೇಕಲ್ಲಮ್ಮಾ. ಇಬ್ಬರನ್ನೂ ಹೊರಗೆ ಹಾಕಿದ್ರೆ ನಾನು ನಿಲ್ಲೋದಾ ಗೋಲಲ್ಲಿ?"

ಬ್ರೆಡ್ ವಾಪಸ್ ಇಟ್ಟು ಬೇರೆ ತೆಗೆದುಕೊಂಡ.


ಫೆ. 24, ಶನಿ. ರಾತ್ರಿ

ಅಪ್ಪ ಪಾತ್ರೆ ತೊಳೆಯುತ್ತಿದ್ದ. ಕೂಗಿದ್ದು ನೀನಾ ಅಂತ ಬೆನ್ನಿಗೇ ಕೇಳಿದೆ. ಮುಖ ನೋಡಿ ಕೇಳುವ ಧೈರ್ಯ ನನಗೂ ಇಲ್ಲ.

ಅಪ್ಪ ನಲ್ಲಿ ನಿಲ್ಲಿಸಿ ಒಂದು ಕಪ್ ಎತ್ತಿಕೊಂಡ.

"ಗೋಲು ಹಾಗಿತ್ತು ಕಣೇ."

"ಹೇಗೆ?"

"ಎಡಗಾಲು. ಇಪ್ಪತ್ತೈದು ಗಜದಿಂದ. ಚೆಂಡು ನೆಲ ಮುಟ್ಟೋಕೆ ಮುಂಚೆ." ಕಪ್ ಒರೆಸಿದ್ದನ್ನೇ ಮತ್ತೆ ಒರೆಸಿದ. "ಅಂಥದ್ದನ್ನ ನಾನು ಆಮೇಲೆ ನೋಡಿಲ್ಲ. ಬಾಯಿಂದ ಬಂದುಬಿಡ್ತು."

"ಹೇಳಬಹುದಿತ್ತಲ್ಲ ಅವರಿಗೆ."

"ಹೇಳಿದ್ರೆ ನಾನೂ ಅಲ್ಲಿದ್ದೆ ಅಂತಾಗ್ತಿತ್ತು."

"ಫೈನಲ್ ಮುಗಿದ ಮೇಲೆ?"

"ಒಂದು ಪಾಯಿಂಟಲ್ಲಿ ಸೋತ್ವಿ. ಅಷ್ಟರಲ್ಲಿ ಅವನು ಹಡಗಲ್ಲಿದ್ದ."

"ಕಾಗದ ಬರೆಯಬಹುದಿತ್ತಲ್ಲ?"

"ಸಾಕು ಡರ್ವ್ಲಾ."

ಐವತ್ತೆಂಟು ವರ್ಷ. ಒಂದು ಗೋಲು ಚೆಂದ ಕಂಡಿತು ಅನ್ನುವುದಕ್ಕೆ. ಸಂಜೆ ಕವಿತೆ ಓದಲು ಕೂತರೆ ಒಂದೇ ಪುಟ ನಾಲ್ಕು ಸಲ ಓದಿದೆ. ಯಾವ ಪುಟ ಅಂತ ಈಗ ನೆನಪಿಲ್ಲ.


ಮಾರ್ಚ್ 1, ಶುಕ್ರ. ಸಂಜೆ 6

ಚಿಕ್ಕಪ್ಪ ಬಂದರು. ಊರುಗೋಲು, ದುಬಾರಿ ಬೂಟು, ಅಪ್ಪನ ಮೂಗು. ಬಾಗಿಲಲ್ಲಿ ಇಬ್ಬರೂ ಕೈ ಕುಲುಕಿದರು — ದನದ ಸಂತೆಯಲ್ಲಿ ಹಾಗೆ ಕುಲುಕುತ್ತಾರೆ.

"ಪ್ಯಾಕಿ," ಅಂದರು ಚಿಕ್ಕಪ್ಪ.

"ಯೂಜೀನ್. ದಾರಿ ಹೇಗಿತ್ತು?"

"ಒದ್ದೆ."

"ಹೂಂ. ಈ ಸಲ ಒದ್ದೆಯೇ."

ಎರಡೂವರೆ ಗಂಟೆ ಮಳೆಯ ಬಗ್ಗೆ, ಸೊಂಟದ ಬಗ್ಗೆ, ಕರುಗಳ ಬೆಲೆಯ ಬಗ್ಗೆ. ನನ್ನ ತಲೆ ಒಡೆಯುತ್ತಿದೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.


ಮಾ. 2, ಶನಿ. ಮಧ್ಯಾಹ್ನ 2

ಇವತ್ತು ಒಂದು ಕಿಡಿ. ಚಿಕ್ಕಪ್ಪ ಮೇಜಿನ ಮೇಲಿದ್ದ ಫಾರಂ ನೋಡಿದರು. ಖಾಲಿ ಪ್ರಶ್ನೆಯನ್ನೂ ನೋಡಿದರು.

"ಇದೇನು ಪ್ಯಾಕಿ, ಫುಟ್‌ಬಾಲ್ ಅಂತ ಬರೆಯೋಕೆ ಬರಲ್ವಾ?"

"ಫುಟ್‌ಬಾಲ್ ಬೇರೆ."

"ಓಹೋ. ಚೆಂಡನ್ನ ಕೂಸಿನ ಹಾಗೆ ಎತ್ತಿಕೊಂಡು ಓಡ್ತೀರಿ, ಹೆಸರು ಮಾತ್ರ ಕಾಲಿಂದು."

"ನಿಮ್ಮವರು ಗಾಳಿ ಬೀಸಿದ್ರೆ ಬಿದ್ದು ಹೊರಳಾಡ್ತಾರಲ್ಲ, ಅದಕ್ಕೇನಂತೀರಿ?"

"ಕಲೆ ಅಂತೀವಿ."

ಅಪ್ಪನ ತುಟಿ ಅಲುಗಿತು. ನಾನು ಉಸಿರು ಹಿಡಿದೆ. ಈಗ ಹೇಳುತ್ತಾನೆ, ಈಗ —

"ಹಂದಿಮಾಂಸ ಇನ್ನೂ ಎರಡು ಚೂರು ಇದೆ. ಯಾರಿಗೆ?" ಅಂದ ಅಪ್ಪ.


ಮಾ. 3, ಭಾನು. ಸಂಜೆ 5

ಪೂಜೆ ಆಯಿತು. ಪಾದ್ರಿ ಅತ್ತೆಯ ಹೆಸರನ್ನು ಆ ತಿಂಗಳು ಸತ್ತ ಇನ್ನೂ ಮೂವರ ಜೊತೆ ಓದಿದರು. ಹಾಲ್‌ನಲ್ಲಿ ಚಹಾ, ಮೊಟ್ಟೆ ಸ್ಯಾಂಡ್‌ವಿಚ್. ಜೋಸಿ ಬಂದು ಚಿಕ್ಕಪ್ಪನ ಕೈ ಹಿಡಿದು "ಸ್ಮಿತ್ ಸಾಹೇಬರೇ!" ಅಂದ. ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪ ಕೋಟು ಹುಡುಕುವವನಂತೆ ಹೊರಗೆ ಹೋದ.

ವಾಪಸ್ ಬರುವಾಗ ಅಪ್ಪ ಹಸು ನೋಡಲು ಗೇಟಿನಲ್ಲೇ ಇಳಿದ. ಕಾರಿನಲ್ಲಿ ಚಿಕ್ಕಪ್ಪ, ನಾನು. ವೈಪರ್ ಸದ್ದು. ತಡೆಯಲಾಗಲಿಲ್ಲ.

"ಚಿಕ್ಕಪ್ಪಾ, ಅವತ್ತು ಕೂಗಿದ್ದು —"

"ಗೊತ್ತು."

"ಗೊತ್ತಾ?"

"ಹುಟ್ಟಿದಾಗಿಂದ ಊಟಕ್ಕೆ ಕರೆದಿದ್ದು ಅದೇ ಗಂಟಲು ಕಣಮ್ಮ. ಗುರುತು ಸಿಗಲ್ವಾ? ಗೋಲಿಗಿಂತ ಹೆಚ್ಚು ಖುಷಿ ಆಗಿದ್ದು ಅದು ಕೇಳಿಯೇ."

"ಮತ್ತೆ ಯಾಕೆ...?"

ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿದರು.

"ನನ್ನನ್ನ ಸಮಿತಿ ಮುಂದೆ ನಿಲ್ಲಿಸಿದ್ರು. ಅವನೇ ಎದ್ದು ಓದಿದ, ಕಾರ್ಯದರ್ಶಿ ಅಲ್ವಾ. 'ಯಾರೋ ಒಬ್ಬರು ಕೂಗಿದರು.' ನಾನು ಅವನ ಮುಖ ನೋಡಿದೆ. ಅವನು ಪುಸ್ತಕ ನೋಡ್ತಿದ್ದ. ಕೂಗಿದ್ದಕ್ಕಲ್ಲಮ್ಮ ನಾನು ಹೋಗಿದ್ದು. ಯಾರೋ ಒಬ್ಬರು ಅಂತೆ! ನನ್ನಣ್ಣ!"

ಹಾಗಾದರೆ ಇಬ್ಬರಿಗೂ ಇದು ಗುಟ್ಟಾಗಿರಲಿಲ್ಲ. ಒಬ್ಬ ಹೇಳಲಿ ಅಂತ ಇನ್ನೊಬ್ಬ ಕಾದದ್ದು, ಅಷ್ಟೇ. ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ.

ನಾನೇ ಅಪ್ಪನಿಗೆ ಹೇಳಿದೆ, ಕೊಟ್ಟಿಗೆಯಲ್ಲಿ. ಚಿಕ್ಕಪ್ಪ ಅಂದಿದ್ದನ್ನು ಒಂದಕ್ಷರ ಬಿಡದೆ. ಅಪ್ಪ ಹುಲ್ಲಿನ ಕವಲುಗೋಲಿಗೆ ಒರಗಿ ನಿಂತ. "ಓದ್ತಾ ಇದ್ದಾಗ ಅವನು ನನ್ನ ನೋಡಿದ್ನಾ?" ಅಂತ ಕೇಳಿದ. ಅಷ್ಟೇ ಕೇಳಿದ್ದು.

ರಾತ್ರಿ ಊಟಕ್ಕೆ ಮತ್ತೆ ಕರುಗಳ ಬೆಲೆಯೇ ಇರಬಹುದು.


ಮಾ. 4, ಸೋಮ. ಬೆಳಿಗ್ಗೆ 11.25

ವಿಮಾನ 2.05ಕ್ಕೆ. ಹನ್ನೊಂದೂವರೆಗೆ ಹೊರಡಲೇಬೇಕು. ಚಿಕ್ಕಪ್ಪನ ಚೀಲ ಬಾಗಿಲಲ್ಲಿ. ನಾನು ಕಿಟಕಿ ಕಟ್ಟೆಯ ಮೇಲೆ ನಿಂತುಕೊಂಡೇ ಬರೆಯುತ್ತಿದ್ದೇನೆ. ಅಂಗಡಿಯ ಪಟ್ಟಿ ಅಂದುಕೊಂಡಿದ್ದಾರೆ.

ಹತ್ತು ನಿಮಿಷದ ಹಿಂದೆ ಅಪ್ಪ: "ಆ ಪುಸ್ತಕ ಕೊಡು."

"ಯಾವುದು?"

"ಯಾವುದು ಅಂತ ಗೊತ್ತು ನಿಂಗೆ."

ಕೊಟ್ಟೆ. ಹುಡುಕಲಿಲ್ಲ, ಪುಟ ತಾನಾಗಿ ತೆರೆಯಿತು. ಪೆನ್ನನ್ನು ಕೋಟಿನ ತೋಳಿಗೆ ಒರೆಸಿದ. ಅವನ ಕಾಲದ ನಿಯಮ ನನಗೆ ಬಾಯಿಪಾಠ: ನಡಾವಳಿಯಲ್ಲಿ ಕೆರೆದು ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ತಪ್ಪೂ ಓದಲು ಸಿಗಬೇಕು. 'ಯಾರೋ ಒಬ್ಬರು' — ಅದರ ಮೇಲೆ ಗೆರೆ ಎಳೆದ. ಗೆರೆ ಕೊಂಕಾಯಿತು. ಮೇಲೆ ಸಣ್ಣಕ್ಷರದಲ್ಲಿ ಬರೆದ: 'ಅವನ ಅಣ್ಣ'.

ಪುಸ್ತಕವನ್ನು ಮೇಜಿನ ಆಚೆಗೆ ತಳ್ಳಿದ. ಕಿಟಕಿಯಾಚೆ ನೋಡತೊಡಗಿದ.

ಚಿಕ್ಕಪ್ಪ ಕನ್ನಡಕ ಹುಡುಕಿದರು. ಹಾಕಿಕೊಂಡರು. ಓದಿದರು. ನಾನು ಗಡಿಯಾರ ನೋಡುತ್ತಿದ್ದೆ.

"ಸಹಿ ಎಲ್ಲಿ?" ಅಂದರು.

"ಏನು?"

"ತಿದ್ದಿದ ಕಡೆ ಸಹಿ, ತಾರೀಖು ಬೇಡವಾ ಕಾರ್ಯದರ್ಶಿಗಳೇ? ಸಂಘ ಅಂದ್ರೆ ತಮಾಷೆ ಅಂದ್ಕೊಂಡ್ರಾ?"

ಅಪ್ಪ ಪುಸ್ತಕ ಎಳೆದುಕೊಂಡು ಸಹಿ ಹಾಕಿದ. ತಾರೀಖು ಬರೆಯಲು ಇಸವಿ ನನ್ನನ್ನು ಕೇಳಿದ. ಹೇಳಿದೆ.

11.40. ಈಗ ಹೊರಟರೂ ತಡ. ಇಬ್ಬರೂ ಏಳುತ್ತಿಲ್ಲ.

"ಚಿಕ್ಕಪ್ಪಾ, ಕಾರು."

"ತಡಿಯಮ್ಮ. ನಿನ್ನಪ್ಪ ಬರೀತಿದ್ದಾನೆ."

ಹೌದು. ಪೆನ್ ಇನ್ನೂ ಕೈಯಲ್ಲೇ ಇದೆ. ಚಹಾದ ಉಂಗುರಗಳ ಫಾರಂ ಹತ್ತಿರಕ್ಕೆ ಎಳೆದುಕೊಂಡಿದ್ದಾನೆ. ಒಂದನೇ ಪ್ರಶ್ನೆ. ಒಂದು ಪದವಲ್ಲ, ಉದ್ದಕ್ಕೆ ಬರೆಯುತ್ತಿದ್ದಾನೆ, ಗೆರೆ ಮುಗಿದು ಅಂಚಿಗೆ ತಿರುಗಿದೆ. ಇಲ್ಲಿಂದ ಓದಲಾಗುವುದಿಲ್ಲ. ಚಿಕ್ಕಪ್ಪ ಬಗ್ಗಿ ನೋಡುತ್ತಿದ್ದಾರೆ, ಅಪ್ಪನ ಭುಜದ ಮೇಲೆ ಕೈ ಊರಿ —

"ಎಡಗಾಲು ಅಂತಾನೂ ಬರಿ," ಅನ್ನುತ್ತಿದ್ದಾರೆ, "ಇಪ್ಪತ್ತೈದಲ್ಲ ಪ್ಯಾಕಿ, ಮೂವತ್ತು ಗಜ!"