ಜಡ್ಜಿಯವರ ಮೂರನೇ ಪ್ರಶ್ನೆ

ಸಿಂಗಾನಲ್ಲೂರು
೪ ಜನವರಿ ೧೯೩೭, ಸೋಮವಾರ

ನನ್ನ ಪೊನ್ನುವಿಗೆ ನಿನ್ನ ದೊಡ್ಡವ್ವ ಮನಸಾರೆ ಮಾಡುವ ಆಶೀರ್ವಾದ.

ಈ ಕಾಗದವನ್ನು ಪಳನಿಯಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿನ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ ಅವಳದು, ತವರು ನಿಮ್ಮ ಮಡತ್ತುಕುಳಂ. ತಮ್ಮನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೊರಟಿದ್ದಾಳೆ. ನೀನು ಬಟ್ಟೆ ಒಗೆಯಲು ಅಮರಾವತಿ ಹೊಳೆಗೆ ಬಂದಾಗ ಕೊಡುತ್ತೇನೆ ಎಂದಿದ್ದಾಳೆ. ನಾನು ಅಂಚೆಗೆ ಹಾಕಿದ ಕಾರ್ಡುಗಳು ನಿನಗೆ ಸಿಕ್ಕವೋ ಇಲ್ಲವೋ ತಿಳಿಯದು, ಒಂದಕ್ಕೂ ಉತ್ತರ ಬರಲಿಲ್ಲ. ಇದು ಬೇರೆಯವರ ಕೈಗೆ ಬಿದ್ದರೂ ಭಯವಿಲ್ಲ. ಆ ಮನೆಯಲ್ಲಿ ಕನ್ನಡ ಆಡುತ್ತಾರೆಯೇ ಹೊರತು ಓದುವುದೆಲ್ಲ ತಮಿಳು. ಈ ಅಕ್ಷರ ಬಲ್ಲವಳು ನೀನೊಬ್ಬಳೇ. ನಾನು ಕೊಳ್ಳೇಗಾಲದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದನ್ನೆಲ್ಲ ಮಗ್ಗದ ಪಕ್ಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿನ್ನಿಂದ ಬರೆಸಿದ್ದೆ. ಮರೆತಿಲ್ಲ ತಾನೆ?

ಮೊದಲು ಮುಖ್ಯವಾದದ್ದನ್ನು ಬರೆಯುತ್ತೇನೆ. ನಿನ್ನ ಚಿಕ್ಕಪ್ಪ ಲಿಂಗಸಾಮಿ ನಿನ್ನನ್ನು ಸಂಕ್ರಾಂತಿ ಕಳೆದ ಮೇಲೆ ತೈ ತಿಂಗಳಲ್ಲಿ ತನ್ನ ಹೆಂಡತಿಯ ಅಣ್ಣ ಸೆಲ್ಲಪ್ಪನ್‌ಗೆ ಕೊಡಲು ನಿಶ್ಚಯ ಮಾಡಿರುವುದು ನನಗೆ ಗೊತ್ತಾಗಿದೆ. ಆತನಿಗೆ ಮೂವತ್ತೆರಡು ವರ್ಷ, ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ನಿನಗೆ ಬರುವ ಆವಣಿ ತಿಂಗಳಿಗೆ ಹದಿನಾಲ್ಕು ತುಂಬುತ್ತದೆ. ಹದಿನಾಲ್ಕು ತುಂಬದ ಹುಡುಗಿಗೆ ಮದುವೆ ಮಾಡಿದರೆ ನಮ್ಮ ಸರ್ಕಾರದಲ್ಲಿ ಶಿಕ್ಷೆ ಇದೆ. ಅದಕ್ಕೇ ಪೊಳ್ಳಾಚಿ ದಾಟಿ ಚಿತ್ತೂರಿನ ಕಡೆ ಕರೆದುಕೊಂಡು ಹೋಗಿ, ಕೊಚ್ಚಿ ರಾಜರ ಸೀಮೆಯಲ್ಲಿ ತಾಳಿ ಕಟ್ಟಿಸುವ ಯೋಚನೆ ಅವರದು. ಕಾಯಿದೆಯ ಕೈ ಅಲ್ಲಿಗೆ ಚಾಚುವುದಿಲ್ಲವಂತೆ. ಪಳನಿಯಮ್ಮನ ತಾಯಿಯ ಎದುರಿಗೇ ನಿನ್ನ ಚಿಕ್ಕಮ್ಮ ಮದುವೆಯ ಕೂರೆ ಸೀರೆಯ ಮಡಿಕೆ ಬಿಚ್ಚಿ ತೋರಿಸಿದಳಂತೆ. ‘ನಮ್ಮ ಹುಡ್ಗಿ, ನಮ್ಮಲ್ಲೇ ಇರ್ಲಿ ಅಂತ ಮಾಡ್ತಿರೋದು. ಸರ್ಕಾರದೋರು ಬಂದು ಇವಳ್ಗೆ ಸೋರು ಬೇಯ್ಸಿ ಹಾಕ್ತಾರಾ?’ ಎಂದು ಕೇಳಿದಳಂತೆ.

ಈ ಸುದ್ದಿ ತಿಳಿದ ಮರುದಿನವೇ ನಾನು ಕೊಯಮತ್ತೂರಿಗೆ ಹೋಗಿ ಗೋಪಾಲಸಾಮಿ ವಕೀಲರನ್ನು ಕಂಡೆ. ಮೂರು ವರ್ಷದ ಹಿಂದೆ ನಮ್ಮ ಅರ್ಜಿ ಬರೆದವರೂ ಅವರೇ. ಈಗ ತಲೆ ಪೂರಾ ನರೆತಿದೆ. ಅವರು ಹೇಳಿದ ಒಂದು ಮಾತು ನನಗೆ ಅಂದು ಅರ್ಥವಾಗಿರಲಿಲ್ಲ, ಈಗ ಆಗಿದೆ. ಕೋರ್ಟು ಒಂದು ಮಗುವಿಗೆ ಪಾಲಕರನ್ನು ನೇಮಿಸಿತೆಂದರೆ, ಆ ಮಗುವಿಗೆ ಇಪ್ಪತ್ತೊಂದು ತುಂಬುವವರೆಗೆ ಕೋರ್ಟಿನ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ. ಚಿಕ್ಕಪ್ಪ ನಿನ್ನನ್ನು ಸಾಕಬಹುದು, ಆದರೆ ಜಡ್ಜಿಯವರ ಅಪ್ಪಣೆಯಿಲ್ಲದೆ ಸೀಮೆ ದಾಟಿಸುವ ಹಾಗಿಲ್ಲ. ಈ ಸಲ ಅರ್ಜಿ ಹಾಕಿದ ದಿನವೇ ಜಡ್ಜಿಯವರು ಹುಕುಂ ಬರೆದಿದ್ದಾರೆ. ನಿನಗೆ ಮದುವೆ ಮಾಡಕೂಡದು, ಜಿಲ್ಲೆಯಿಂದ ಹೊರಗೆ ಕರೆದೊಯ್ಯಕೂಡದು, ಜನವರಿ ಹದಿನೆಂಟಕ್ಕೆ ನಿನ್ನನ್ನು ಕೋರ್ಟಿಗೆ ಕರೆತರಬೇಕು. ಈ ಕಾಗದ ಸೇರುವ ಹೊತ್ತಿಗೆ ಕೋರ್ಟಿನ ಅಮೀನ ನೋಟೀಸು ಹಿಡಿದು ನಿಮ್ಮ ಬಾಗಿಲಿಗೆ ಬಂದಿರಬಹುದು. ಹೆದರಬೇಡ. ಅವನು ಯಾರನ್ನೂ ಹಿಡಿದುಕೊಂಡು ಹೋಗಲು ಬರುವವನಲ್ಲ. ಕಾಗದ ಕೊಟ್ಟು ರುಜು ಹಾಕಿಸಿಕೊಂಡು ಹೋಗುವವನು.

ಹದಿನೆಂಟರಂದು ಜಡ್ಜಿಯವರು ನಿನ್ನನ್ನು ಒಂಟಿಯಾಗಿ ಒಳಗೆ ಕರೆಸುತ್ತಾರೆ. ನನ್ನನ್ನೂ ಚಿಕ್ಕಪ್ಪನನ್ನೂ ಹೊರಗೆ ಕಳಿಸುತ್ತಾರೆ. ಕೊಳ್ಳೇಗಾಲದ ಕಡೆಯ ಅರ್ಜಿಗಳಿಗಾಗಿ ಅಲ್ಲಿ ಕನ್ನಡ ಬಲ್ಲ ಗುಮಾಸ್ತರಿದ್ದಾರೆ. ಅವರು ನಿನ್ನ ಮಾತನ್ನು ತಿಳಿಸಿ ಹೇಳುತ್ತಾರೆ. ಆಗ ಏನು ಹೇಳಬೇಕು ಎನ್ನುವುದಕ್ಕಿಂತ, ಹೋದ ಸಲ ಯಾಕೆ ಹಾಗಾಯಿತು ಎನ್ನುವುದನ್ನು ನೀನು ತಿಳಿಯಬೇಕು. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನಮ್ಮನ ಹನ್ನೊಂದನೇ ದಿನದ ಕರ್ಮ ನಿನಗೆ ನೆನಪಿದೆಯೇ? ನಿನ್ನಪ್ಪ ಅದಕ್ಕೂ ಒಂದು ವರ್ಷ ಮೊದಲೇ ಜ್ವರದಲ್ಲಿ ಹೋಗಿದ್ದ. ನಿಮ್ಮಮ್ಮ ನಿನ್ನನ್ನು ಕರೆದುಕೊಂಡು ನನ್ನ ಮನೆಗೆ ಬಂದು, ನನ್ನ ಮಗ್ಗದ ಎದುರಿನ ಕೋಣೆಯಲ್ಲೇ ಕೆಮ್ಮಿ ಕೆಮ್ಮಿ ಕಣ್ಣು ಮುಚ್ಚಿದಳು. ಅವಳು ನನ್ನ ಒಬ್ಬಳೇ ತಂಗಿ. ನನಗೆ ಮಕ್ಕಳಿರಲಿಲ್ಲ, ನಿನ್ನ ದೊಡ್ಡಪ್ಪನೂ ಹೋಗಿ ಆಗಲೇ ಆರು ವರ್ಷ. ಆ ಹನ್ನೊಂದರ ದಿನ ಎಲೆ ಎತ್ತಿದ ಮೇಲೆ ಚಿಕ್ಕಮ್ಮ ನಿನ್ನ ಗಲ್ಲ ಹಿಡಿದು ‘ನಮ್ಮನೆಗೆ ಬತ್ತೀಯಾ ಕಣ್ಣು?’ ಅಂದಳು. ನೀನು ‘ಬರಾಕಿಲ್ಲ’ ಅಂದುಬಿಟ್ಟೆ. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನಿನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ತೊಡೆ ಚಿವುಟಿದೆ. ಕರೆದವರ ಮನೆಗೆ ಬರೋಲ್ಲ ಅಂದರೆ ನಂಟು ಕಡಿದ ಹಾಗೆ, ಸತ್ತವರ ಮನೆಯಲ್ಲಿ ನಿಂತು ಅಂದರಂತೂ ಇನ್ನೂ ಕೇಡು, ಯಾರು ಕರೆದರೂ ಬರುತ್ತೇನೆ ಅನ್ನಬೇಕು, ಹೋಗುವುದು ಬಿಡುವುದು ಆಮೇಲಿನ ಮಾತು ಎಂದು ಬೈದೆ. ನಮ್ಮವ್ವ ನಮ್ಮಿಬ್ಬರಿಗೂ ಹಾಗೆಯೇ ಕಲಿಸಿದ್ದು. ನಮ್ಮ ನೇಕಾರರ ಬೀದಿಗಳಲ್ಲಿ ಅದನ್ನು ಕಲಿಯದ ಹುಡುಗಿಯಿಲ್ಲ. ನೀನು ಅಳುತ್ತಲೇ ಒಳಗೆ ಹೋಗಿ ಚಿಕ್ಕಮ್ಮನಿಗೆ ‘ಬತ್ತೀನಿ’ ಅಂದು ಬಂದೆ.

ಅದಾಗಿ ಎಂಟು ತಿಂಗಳಿಗೆ ಚಿಕ್ಕಪ್ಪ ನಿನ್ನನ್ನು ಕೇಳಿಕೊಂಡು ಬಂದ. ನಿನ್ನಪ್ಪನ ಪಾಲಿನ ತೋಟವೂ ಅವನ ಕೈಯಲ್ಲೇ ಇತ್ತು. ನಾನು ಕೊಡುವುದಿಲ್ಲ ಎಂದೆ. ಊರ ಹಿರಿಯರು ಗಂಡು ದಿಕ್ಕಿರುವ ಮನೆಗೇ ಮಗು ಸೇರಬೇಕು ಎಂದರು. ಆಗ ಯಾರೋ ಹೇಳಿದರು, ತಂದೆತಾಯಿ ಇಲ್ಲದ ಮಕ್ಕಳ ವಿಷಯ ಊರಿನ ಹಿರಿಯರದಲ್ಲ, ಜಿಲ್ಲಾ ಜಡ್ಜಿಯವರದು ಎಂದು. ಹಾಗೆ ಕೋರ್ಟಿನ ಮೆಟ್ಟಿಲು ಹತ್ತಿದೆವು.

ಆ ದಿನ ನಿನಗೆ ಹಸಿರು ಪಾವಾಡೆ ಹಾಕಿದ್ದೆ. ವರಾಂಡದಲ್ಲಿ ಕೆಂಪು ಪಟ್ಟಿ ಕಟ್ಟಿಕೊಂಡ ಪೇದೆ ಎದೆ ಸೆಟೆಸಿ ಹೆಸರು ಕೂಗುತ್ತಿದ್ದ. ‘ದೊಡ್ಡವ್ವ, ಇವ್ರೇನಾ ಜಡ್ಜಿ?’ ಎಂದು ಪಿಸುಗುಟ್ಟಿದೆ. ಅವನ ಕಿವಿಗೂ ಬಿತ್ತು. ‘ಇನ್ನೇನು ಪಾಪಾ, ಮುಂದಿನ ವರ್ಷ ಆಗ್ತೀನಿ’ ಎಂದು ತಮಿಳಿನಲ್ಲಿ ಹೇಳಿ ನಕ್ಕ. ನಾನೂ ನಕ್ಕೆ. ನಿನ್ನಮ್ಮ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಒಳಗೆ ನಡೆದದ್ದನ್ನು ಕನ್ನಡದ ಗುಮಾಸ್ತರು ಆಮೇಲೆ ನನಗೆ ಹೇಳಿದರು. ಜಡ್ಜಿಯವರು ನಿನ್ನನ್ನು ತಮ್ಮ ಮೇಜಿನ ಪಕ್ಕದಲ್ಲೇ ಸ್ಟೂಲು ಹಾಕಿಸಿ ಕೂರಿಸಿದರಂತೆ. ಕಪ್ಪು ಕೋಟು ಕಂಡು ಮಗು ಹೆದರೀತು ಎಂದು ಅದನ್ನು ಬಿಚ್ಚಿ ಕುರ್ಚಿಗೆ ಹಾಕಿದರಂತೆ. ಏನು ಊಟ ಮಾಡಿದೆ, ದಿನಕ್ಕೆ ಎಷ್ಟು ನೂಲಿನ ಕಂಡಿಕೆ ಸುತ್ತುತ್ತೀಯೆ ಎಂದೆಲ್ಲ ಕೇಳಿದ ಮೇಲೆ ಮೂರು ಪ್ರಶ್ನೆ ಹಾಕಿದರಂತೆ. ಚಿಕ್ಕಪ್ಪನ ಮನೆಗೆ ಹೋಗುತ್ತೀಯಾ? ‘ಹೋಯ್ತೀನಿ’ ಅಂದೆ. ದೊಡ್ಡವ್ವನ ಮನೆಯಲ್ಲಿ ಇರುತ್ತೀಯಾ? ‘ಇರ್ತೀನಿ’ ಅಂದೆ. ಎರಡರಲ್ಲಿ ನಿನಗೆ ಯಾವುದು ಬೇಕು? ಇದಕ್ಕೆ ನೀನು ತಲೆ ಬಗ್ಗಿಸಿದೆ. ಎರಡು ಸಲ ಕೇಳಿದರಂತೆ, ಮೂರು ಸಲ ಕೇಳಿದರಂತೆ. ನೀನು ಪಾವಾಡೆಯ ಅಂಚು ಮಡಿಸುತ್ತ ಕೂತಿದ್ದೆಯಂತೆ.

ಒಂದು ಮನೆ ಬೇಕು ಎಂದರೆ ಇನ್ನೊಂದು ಮನೆ ಒಲ್ಲೆ ಎಂದ ಹಾಗಾಗುತ್ತದೆ. ಅದನ್ನು ಹೇಳಬಾರದೆಂದು ಚಿವುಟಿ ಕಲಿಸಿದವಳು ನಾನು.

ಆಮೇಲೆ ನಿನ್ನನ್ನು ವರಾಂಡಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಹುಕುಂ ಓದಿದರು. ಮಗು ಎರಡೂ ಮನೆಗೆ ಒಪ್ಪಿದೆ, ಅದರ ಮನಸ್ಸು ಒಂದು ಕಡೆಗೆ ವಾಲಿರುವುದು ಕಾಣಲಿಲ್ಲ, ತಂದೆಯ ತಮ್ಮನ ಮನೆಯಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ, ಆದ್ದರಿಂದ ಅವನ ವಶಕ್ಕೆ. ಪ್ರತಿ ವರ್ಷ ಆಷಾಢದ ಆಡಿ ಹಬ್ಬಕ್ಕೆ ಮೂರು ದಿನ ದೊಡ್ಡಮ್ಮನ ಬಳಿ ಕಳಿಸಬೇಕು. ಜಡ್ಜಿಯವರ ತಪ್ಪೇನೂ ಇಲ್ಲ, ಪೊನ್ನು. ನಮ್ಮ ಮಕ್ಕಳ ‘ಹೂಂ’ ಎಂಥದೆಂದು ಅವರಿಗೆ ಹೇಗೆ ಗೊತ್ತಾಗಬೇಕು? ದಿನವೂ ಒಂದೊಂದು ಸಾಲು ಬರೆದಿಡುವ ನನ್ನ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: ‘ಪೊನ್ನು ಹೋದಳು. ಕಂಡಿಕೆ ನಾನೇ ಸುತ್ತಿಕೊಂಡೆ.’

ನೀನು ನನ್ನನ್ನು ಬಿಟ್ಟು ಚಿಕ್ಕಪ್ಪನ ಮನೆಗೆ ಒಪ್ಪಿದೆಯಲ್ಲ ಎಂದು ನನಗೆ ಒಂದು ವರ್ಷ ಸಿಟ್ಟಿತ್ತು. ಮುಂದಿನ ಆಡಿಗೆ ನೀನು ಬಂದಾಗ, ಹೊರಡುವ ದಿನ ಎದುರು ಮನೆಯ ಸುಬ್ಬಯ್ಯನ್ ತಾತ ನಿನ್ನನ್ನು ರೇಗಿಸಿದ್ದು ನೆನಪಿದೆಯೇ? ‘ಏನ್ ಕಣ್ಣು, ನಮ್ಮನೆಗೇ ಬಂದ್ಬುಡ್ತೀಯಾ? ನಿಮ್ಮಜ್ಜಿಗೆ ಹಲ್ಲಿಲ್ಲ, ನಮ್ ಮೇಕೆಗೆ ಒಂದು ಕಣ್ಣಿಲ್ಲ. ಎಲ್ಡ್ನೂ ನೀನೇ ಮೇಯಿಸ್ಬೇಕು’ ಅಂದ. ಒಳಗಿನಿಂದ ಅಜ್ಜಿ ‘ಹಲ್ಲಿಲ್ದಿದ್ರೂ ನಿನ್ನ ಕಚ್ಚಾಕೆ ಆಯ್ತದೆ ಕಣಯ್ಯಾ’ ಎಂದು ಕೂಗಿದಳು. ಎಲ್ಲರೂ ನಗುತ್ತಿದ್ದರು. ನೀನು ಮಾತ್ರ ಗಂಟು ಕಂಕುಳಲ್ಲಿಟ್ಟುಕೊಂಡು, ಮುಖ ಗಂಭೀರ ಮಾಡಿಕೊಂಡು, ‘ಬತ್ತೀನಿ ತಾತ’ ಅಂದೆ. ಆಗ ನನಗೆ ತಿಳಿಯಿತು, ಜಡ್ಜಿಯವರಿಗೆ ನೀನು ಹೇಳಿದ್ದೂ ಇದನ್ನೇ ಎಂದು. ನಿನ್ನನ್ನು ಅಪ್ಪಿಕೊಳ್ಳೋಣವೆಂದು ಎದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಗಾಡಿಯಲ್ಲಿ ಕೂತು ಹೊತ್ತಾಯಿತು ಎಂದು ಕೂಗುತ್ತಿದ್ದ.

ಅದಾದ ಮೇಲೆ ಎರಡು ಆಡಿ ಕಳೆದವು. ನಿನ್ನನ್ನು ಕಳಿಸಲಿಲ್ಲ. ಹೋದ ವರ್ಷ ನಾನೇ ಬಂದೆ. ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು, ನೀನು ತೋಟಕ್ಕೆ ಹೋಗಿದ್ದೀಯೆ ಎಂದರು. ಒಳಗಿನಿಂದ ರಾಟೆಯ ಸದ್ದು ಕೇಳುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಮಾತಾಡಿದ ಕೂಡಲೇ ಆ ಸದ್ದು ನಿಂತಿತು. ಮಜ್ಜಿಗೆ ಕುಡಿದು ಮುಗಿಸುವವರೆಗೂ ರಾಟೆ ಮತ್ತೆ ತಿರುಗಲಿಲ್ಲ. ಅದು ನೀನೇ ಎಂದು ಗೊತ್ತಿದ್ದೂ ಎದ್ದು ಬಂದೆ. ಆಗಲೇ ವಕೀಲರ ಬಳಿ ಹೋಗಬೇಕಿತ್ತು. ಉಂಡು ಉಟ್ಟು ಚೆನ್ನಾಗಿದ್ದಾಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈಗಿರುವವರು ಹೊಸ ಜಡ್ಜಿ. ಹಳೆಯ ಕಾಗದಗಳನ್ನೆಲ್ಲ ತರಿಸಿ ಓದಿದ್ದಾರಂತೆ. ನೀನು ಮೂರನೇ ಪ್ರಶ್ನೆಗೆ ಉತ್ತರ ಕೊಡದೆ ಇದ್ದದ್ದನ್ನು ನೋಡಿ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ ಎಂದು ವಕೀಲರು ಹೇಳಿದರು. ಮೂರು ವರ್ಷದ ಹಿಂದೆ ಒಂದು ಮಗು ಬಾಯಿ ಬಿಡದಿದ್ದದ್ದನ್ನು ಅಷ್ಟು ದೊಡ್ಡ ಕಚೇರಿಯಲ್ಲಿ ಯಾರೋ ಗುರುತು ಹಾಕಿಕೊಂಡರಲ್ಲ ಎಂದು ನನಗೆ ಅಳು ಬಂತು. ಅವರು ಆ ಪ್ರಶ್ನೆಯನ್ನು ನಿನಗೆ ಮತ್ತೆ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಸೆಲ್ಲಪ್ಪನ್ ವಿಷಯವನ್ನೂ ಕೇಳುತ್ತಾರೆ.

ಆದ್ದರಿಂದ ಈ ಹದಿನಾಲ್ಕು ದಿನದಲ್ಲಿ ನೀನು ಒಂದು ಕೆಲಸ ಮಾಡು. ಹೊಳೆಯಲ್ಲಿ ಬಟ್ಟೆ ಕುಕ್ಕುವಾಗ, ಆ ಸದ್ದಿನ ನಡುವೆ, ‘ಒಲ್ಲೆ’ ಎಂದು ಬಾಯಿಬಿಟ್ಟು ಅನ್ನು. ಮೊದಲು ಮೆಲ್ಲಗೆ ಅನ್ನು, ಆಮೇಲೆ ಜೋರಾಗಿ. ನಗು ಬಂದರೆ ನಕ್ಕುಬಿಡು. ಹಾಗೆ ಅಂದರೆ ನಂಟು ಕಡಿಯುವುದಿಲ್ಲ, ಸತ್ತವರಿಗೆ ಕೇಡಾಗುವುದಿಲ್ಲ. ನಾನು ಕಲಿಸಿದ್ದು ತಪ್ಪು. ನಾನು ಕಲಿಸಿದ್ದನ್ನು ನಾನೇ ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಚಿಕ್ಕಪ್ಪ ದಾರಿಯಲ್ಲಿ ನಿನಗೆ ಹೆದರಿಸಿ ಹೇಳಬಹುದು, ಚಿಕ್ಕಮ್ಮ ಅತ್ತು ಹೇಳಬಹುದು. ಅವರ ಅನ್ನ ಉಂಡಿದ್ದೀಯೆ, ಅವರಿಗೆ ಕೃತಜ್ಞಳಾಗಿರು. ಆದರೆ ಆ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಯಾರ ಮುಖವನ್ನೂ ನೋಡಬೇಕಿಲ್ಲ. ಅದಕ್ಕೇ ಅವರು ಬಾಗಿಲು ಮುಚ್ಚಿಸುವುದು.

ನಾನು ಅಂದು ವರಾಂಡದಲ್ಲಿರುತ್ತೇನೆ. ನೀನು ಹೊರಗೆ ಬಂದಾಗ ಏನು ಹೇಳಿದೆ ಎಂದು ಕೇಳುವುದಿಲ್ಲ.

ನಿನ್ನನ್ನು ದಿನವೂ ನೆನೆಯುವ
ನಿನ್ನ ದೊಡ್ಡವ್ವ
ಕಾಮಾಕ್ಷಿಯಮ್ಮ

ಮರೆತ ಮಾತು ಎಂದು ಬರೆಯಲಾರೆ, ಮರೆತಿರಲಿಲ್ಲ. ಅಂದು ನೀನು ವರಾಂಡದಲ್ಲಿ ಕೂತಿದ್ದಾಗ, ಹುಕುಂ ಓದುವ ಮೊದಲು, ಜಡ್ಜಿಯವರು ನನ್ನೊಬ್ಬಳನ್ನೇ ಒಳಗೆ ಕರೆಸಿದರು. ‘ಮಗು ಎರಡಕ್ಕೂ ಒಪ್ಪುತ್ತಿದೆ. ಸಾಕಿದವಳು ನೀನು. ಚಿಕ್ಕಪ್ಪನ ಮನೆಗೆ ಹೋಗುತ್ತೇನೆ ಎಂದದ್ದು ಬರೀ ಬಾಯಿಮಾತು ಎಂದು ನಿನಗೆ ಅನಿಸಿದರೆ ಹೇಳಮ್ಮ, ಬರೆದುಕೊಳ್ಳುತ್ತೇನೆ’ ಎಂದು ಕೇಳಿದರು. ಅದು ಬಾಯಿಮಾತು ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ನಿನ್ನ ಮೇಲೆ ಒಂದು ವರ್ಷ ಸಿಟ್ಟಿತ್ತು, ಆಮೇಲೆ ತಿಳಿಯಿತು ಎಂದೆಲ್ಲ ಮೇಲೆ ಬರೆದದ್ದು ಸುಳ್ಳು. ನಾನು ‘ತಮ್ಮ ಚಿತ್ತ ಸಾಮಿ’ ಅಂದೆ. ಒಂಟಿ ಹೆಂಗಸು, ಒಂದು ಮಗ್ಗ, ಬೆಳೆಯುವ ಹೆಣ್ಣುಮಗು, ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಹೆದರಿಕೆ ನಿನ್ನಮ್ಮ ಹೋದಾಗಿನಿಂದ ಎದೆಯ ಮೇಲೆ ಕೂತಿತ್ತು. ಆ ಎರಡು ಮಾತು ಅಂದ ಕೂಡಲೇ ಅದು ಇಳಿದು ಹೋಯಿತು. ನನಗೆ ಹಗುರವಾಯಿತು, ಪೊನ್ನು. ವರಾಂಡಕ್ಕೆ ಬಂದು ನಿನ್ನ ಹಸಿರು ಪಾವಾಡೆ ಕಾಣುವವರೆಗೆ ಮಾತ್ರ. ಆದರೂ ಹಗುರವಾದದ್ದು ನಿಜ. ಎರಡು ಮನೆಯೂ ಬೇಡವಾದರೆ ಮೂರನೆಯದನ್ನು ಹುಡುಕುವುದು ಕೋರ್ಟಿನ ಕೆಲಸ ಎಂದು ವಕೀಲರು ಹೇಳಿದ್ದಾರೆ. ನನ್ನನ್ನೇ ಆರಿಸುವುದಾದರೆ, ಇದನ್ನು ಓದಿದ ಮೇಲೆ ಆರಿಸು.