ಪಲೋಮಾ ಬೋರ್ಡಿಗೊಂದು ಸಹಿ

ಮುನಿಸಿಕೊಂಡಿರುವ ಅಪ್ಪನಿಗೆ ಮಗಳ ನಮಸ್ಕಾರಗಳು.

ತೊಟ್ಟಿಲಿಗೆ ಕಟ್ಟಲು ನೀವು ‘ಪಲೋಮಾ’ ಎಂದು ಬರೆದ ಬೋರ್ಡನ್ನು ಬಡಗಿ ಮಾಮ ತಂದುಕೊಟ್ಟರು. ‘ನಮ್ಮ ಏಳು ತಲೆಮಾರಲ್ಲಿ ಒಬ್ಬರೂ ಸ್ಪೇನ್ ಕಡೆ ತಲೆ ಹಾಕಿ ಮಲಗಿಲ್ಲ, ನನ್ನ ಮೊಮ್ಮಗಳಿಗೆ ಅದೇನೇ ಪಲೋಮಾ?’ ಎಂದು ಫೋನಿಟ್ಟವರು ನೀವೇ ಅಲ್ಲವೇ? ಆಮೇಲೆ ಒಂದು ತಿಂಗಳಾಯಿತು, ಮಗುವಿನ ಮುಖ ನೋಡಲೂ ಬಂದಿಲ್ಲ.

ನಮ್ಮ ಕಷ್ಟವನ್ನೂ ಕೇಳಿ. ನಿಮ್ಮಮ್ಮನ ಹೆಸರಿಟ್ಟರೆ ಅತ್ತೆಗೆ ಕೋಪ, ಅತ್ತೆಯ ತಾಯಿಯ ಹೆಸರಿಟ್ಟರೆ ನಿಮಗೆ. ಅದಕ್ಕೇ ಎರಡೂ ಕಡೆಯ ನೆಂಟರಿಲ್ಲದ ದೇಶ ಹುಡುಕಿಕೊಂಡು ಸ್ಪೇನಿಗೆ ಹೋದೆವು, ಮಕ್ಕಳ ಹೆಸರಿನ ಪುಸ್ತಕದಲ್ಲಿ. ಪಲೋಮಾ ಎಂದರೆ ಅಲ್ಲಿ ಪಾರಿವಾಳ. ನಮ್ಮ ಮದುವೆಯಲ್ಲೂ ಒಂದಾಗದ ಬೀಗರು ಈಗ ನಮ್ಮನ್ನು ಬೈಯುವುದರಲ್ಲಿ ಒಂದಾಗಿದ್ದೀರಿ.

ಬೋರ್ಡು ಬಲು ಚೆಂದ. ಹಳದಿ ಅಕ್ಷರ, ಕೆಂಪು ನೆರಳು. ಆದರೆ ಅಂಗಡಿ ಬೋರ್ಡುಗಳನ್ನು ಬರೆದೂ ಬರೆದೂ ಬಂದ ಅಭ್ಯಾಸಕ್ಕೆ, ಹೆಸರಿನ ಕೆಳಗೆ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಎಂದೂ ಬರೆದುಬಿಟ್ಟಿದ್ದೀರಿ. ನಿಮ್ಮ ಅಳಿಯ ಸೀಮೆಎಣ್ಣೆ ಬಟ್ಟೆ ಹಿಡಿದು ಒರೆಸಲು ಹೊರಟರು. ‘ಮುಟ್ಟಬೇಡಿ! ಅಪ್ಪನಿಗೆ ಇರೋಳು ಇವಳೊಬ್ಬಳೇ ಮೊಮ್ಮಗಳು, ಬರೆದದ್ದು ನಿಜಾನೇ ಅಲ್ವಾ?’ ಎಂದು ತಡೆದೆ.

ನನ್ನದು ಒಂದೇ ದೂರು. ಸೈಕಲ್ ರಿಪೇರಿ ಅಂಗಡಿಯ ಬೋರ್ಡಿಗೂ ಮೂಲೆಯಲ್ಲಿ ಸಹಿ ಹಾಕುವವರು ಇದಕ್ಕೆ ಹಾಕಿಲ್ಲ. ಹೆಸರು ಒಪ್ಪಿಗೆಯಿಲ್ಲ ಅಂತ ತಾನೇ? ಭಾನುವಾರ ಸಣ್ಣ ಕುಂಚ ಹಿಡಿದು ಬನ್ನಿ. ಸಹಿ ಒಣಗುವವರೆಗೆ ಹೇಗೂ ಕೂರಬೇಕು, ಅಷ್ಟು ಹೊತ್ತು ಮಗು ನಿಮ್ಮ ಮಡಿಲಲ್ಲಿರಲಿ. ನಿಮಗಿಷ್ಟ ಬಂದ ಹೆಸರಲ್ಲೇ ಕರೆಯಿರಿ. ಅವಳು ಸದ್ಯಕ್ಕೆ ಯಾವ ಹೆಸರಿಗೂ ತಿರುಗಿ ನೋಡುವುದಿಲ್ಲ.

ಇಂತಿ,
ಪಾರಿವಾಳದ ಅಮ್ಮ